ಸಿಕ್ಲಿಡ್ ಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು?

ನಾಲ್ಕು ವರ್ಷದ ಹಿಂದೆ ಒಂದು ಜೋಡಿ ಏಂಜಲ್ ಮೀನು ತಂದಿದ್ದೆ. ಅಂಗಡಿಯವರು "ಪಕ್ಕಾ ಜೋಡಿ" ಅಂದಿದ್ದರು, ಅದಕ್ಕಂತಲೇ ಸ್ವಲ್ಪ ಜಾಸ್ತಿ ದುಡ್ಡು ತೆಗೆದುಕೊಂಡಿದ್ದರು. ಎರಡೂ ಬೆಳೆದವು. ಯಾವಾಗಲೂ ಒಟ್ಟಿಗೇ ಓಡಾಡುತ್ತಿದ್ದವು, ಬೇರೆ ಮೀನು ಹತ್ತಿರ ಬಂದರೆ ಇಬ್ಬರೂ ಸೇರಿ ಅಟ್ಟುತ್ತಿದ್ದವು, ಒಂದು ಅಗಲವಾದ ಎಲೆಯನ್ನು ಬಾಯಿಂದ ಉಜ್ಜಿ ಉಜ್ಜಿ ಚೊಕ್ಕ ಮಾಡಿದವು, ಆಮೇಲೆ ಒಂದು ಸಂಜೆ ಆ ಎಲೆಯ ಮೇಲೆ ಸಾಲಾಗಿ ಮೊಟ್ಟೆ ಕಾಣಿಸಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮಾರನೇ ದಿನ ಮೊಟ್ಟೆಗಳೆಲ್ಲ ಬಿಳಿಚಿಕೊಂಡವು. ಕೆಲವು ದಿನ ಬಿಟ್ಟು ಮತ್ತೆ ಇಟ್ಟವು, ಮತ್ತೆ ಬಿಳಿ. ಮೂರನೇ ಸಲ ಟ್ಯಾಂಕಿನ ಮುಂದೆ ಕದಲದೆ ಕೂತು ನೋಡಿದೆ. ಒಂದು ಮೀನು ಎಲೆಗೆ ಹೊಟ್ಟೆ ತಾಗಿಸಿಕೊಂಡು ಮೊಟ್ಟೆ ಇಡುತ್ತಾ ಹೋಯಿತು, ಅದರ ಹಿಂದೆಯೇ ಇನ್ನೊಂದು ಬಂದು ಅದೂ ಮೊಟ್ಟೆಯನ್ನೇ ಇಟ್ಟಿತು. ಎರಡೂ ಹೆಣ್ಣು.

ಅಂಗಡಿಯವರು ಬೇಕಂತ ಸುಳ್ಳು ಹೇಳಿದರು ಅಂತ ನನಗೆ ಈಗ ಅನ್ನಿಸುವುದಿಲ್ಲ. ನಾನು ತಂದಾಗ ಅವುಗಳ ಮೈ ಒಂದು ನಾಣ್ಯದಷ್ಟು ಅಗಲ ಇತ್ತು ಅಷ್ಟೇ. ಆ ವಯಸ್ಸಿನ ಏಂಜಲ್ ಮರಿಯನ್ನು ಹೊರಗಿನಿಂದ ನೋಡಿ ಗಂಡು ಹೆಣ್ಣು ಹೇಳಲು ಯಾರಿಂದಲೂ ಆಗುವುದಿಲ್ಲ. ಅದೇ ಉದ್ದದ ಕಾನ್ವಿಕ್ಟ್ ಮರಿಯಾಗಿದ್ದರೆ ಹೇಳಬಹುದಿತ್ತು, ಅದೂ ಗಾಜಿನ ಹೊರಗೆ ನಿಂತೇ. ಎರಡೂ ಸಿಕ್ಲಿಡ್‌ಗಳೇ. ಹಾಗಾದರೆ ಒಂದರಲ್ಲಿ ಯಾಕೆ ಗೊತ್ತಾಗುತ್ತದೆ, ಇನ್ನೊಂದರಲ್ಲಿ ಯಾಕೆ ಗೊತ್ತಾಗುವುದಿಲ್ಲ? ಇದು ಅರ್ಥವಾದರೆ ಮರಿ ಕೊಳ್ಳುವಾಗ ಎಲ್ಲಿ ನೋಡಬೇಕು, ಯಾವಾಗ ನೋಡಬೇಕು, ಯಾವಾಗ ನೋಡಿ ಪ್ರಯೋಜನವಿಲ್ಲ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಮೊದಲು ಒಂದು ವಿಷಯ. ಸಿಕ್ಲಿಡ್ ಅನ್ನುವುದು ಒಂದು ದೊಡ್ಡ ಕುಟುಂಬದ ಹೆಸರು. ವಿಜ್ಞಾನಿಗಳು ಹೆಸರಿಟ್ಟಿರುವ ಜಾತಿಗಳೇ ಒಂದೂವರೆ ಸಾವಿರಕ್ಕಿಂತ ಹೆಚ್ಚಿವೆ. ಏಂಜಲ್, ಆಸ್ಕರ್, ಡಿಸ್ಕಸ್, ಫ್ಲವರ್‌ಹಾರ್ನ್, ಕಾನ್ವಿಕ್ಟ್, ರ‍್ಯಾಮ್, ಅಂಗಡಿಗಳಲ್ಲಿ "ಮಿಕ್ಸ್ ಆಫ್ರಿಕನ್" ಅಂತ ಒಂದೇ ತೊಟ್ಟಿಯಲ್ಲಿ ಇಟ್ಟಿರುವ ಹಳದಿ ನೀಲಿ ಮರಿಗಳು, ಎಲ್ಲವೂ ಇದೇ ಕುಟುಂಬ. ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದೂ ಸಿಕ್ಲಿಡ್. ಇಷ್ಟು ದೊಡ್ಡ ಕುಟುಂಬಕ್ಕೆಲ್ಲ ಒಂದೇ ಗುರುತು ಇರಲು ಸಾಧ್ಯವಿಲ್ಲ ಅಲ್ವಾ? ಆದ್ದರಿಂದ ಗಂಡೋ ಹೆಣ್ಣೋ ಅಂತ ಕೇಳುವ ಮೊದಲು ಇದು ಯಾವ ಜಾತಿ ಅಂತ ಕೇಳಿಕೊಳ್ಳಬೇಕು. ಆಮೇಲೆ ಇನ್ನೊಂದು ಪ್ರಶ್ನೆ: ಈ ಜಾತಿಯಲ್ಲಿ ಮರಿ ಸಾಕುವವರು ಯಾರು?

ಈ ಎರಡನೇ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ.

ಆಫ್ರಿಕಾದ ಮಲಾವಿ ಸರೋವರದಲ್ಲಿ ಬಂಡೆಗಳ ನಡುವೆ ಬದುಕುವ ಎಂಬುನಾ ಅನ್ನುವ ಗುಂಪಿನ ಮೀನುಗಳಿವೆ. ಇವುಗಳಲ್ಲಿ ಹೆಣ್ಣು ಮೊಟ್ಟೆ ಇಟ್ಟ ಕೂಡಲೇ ಬಾಯಿಗೆ ತುಂಬಿಕೊಳ್ಳುತ್ತದೆ. ಸುಮಾರು ಮೂರು ವಾರ, ಹೆಚ್ಚುಕಡಿಮೆ ಉಪವಾಸ ಇದ್ದು, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಗಂಡು ಏನೂ ಮಾಡುವುದಿಲ್ಲ. ಅದು ತನ್ನ ಜಾಗ ಕಾಯ್ದುಕೊಂಡು ಇನ್ನೊಂದು ಹೆಣ್ಣನ್ನು ಕರೆಯುತ್ತಾ ಇರುತ್ತದೆ. ಹಾಗಾಗಿ ಗಂಡಿಗೆ ದೂರದಿಂದಲೇ ಕಣ್ಣಿಗೆ ಬೀಳುವ ಬಣ್ಣ ಬೇಕು, ಬಾಯಿ ತುಂಬ ಮರಿ ಇಟ್ಟುಕೊಂಡ ಹೆಣ್ಣಿಗೆ ಯಾರ ಕಣ್ಣಿಗೂ ಬೀಳದಿರುವುದೇ ಕ್ಷೇಮ. ಇಂಥ ಜಾತಿಗಳಲ್ಲಿ ದೊಡ್ಡವಾದ ಮೇಲೆ ಗಂಡಿಗೂ ಹೆಣ್ಣಿಗೂ ಎಷ್ಟೋ ಸಲ ಬೇರೆ ಬೇರೆ ಮೀನೇ ಅನ್ನಿಸುವಷ್ಟು ವ್ಯತ್ಯಾಸ ಬರುತ್ತದೆ. ಜಿಲೇಬಿ ಮೀನಿನಲ್ಲೂ ಇದೇ ಕಥೆ. ಮರಿ ಮಾಡುವ ಸಮಯದಲ್ಲಿ ಗಂಡು ಕಪ್ಪಾಗುತ್ತದೆ, ಗಂಟಲ ಕೆಳಗೆ ಬಿಳಿ ಕಾಣುತ್ತದೆ, ಹೆಣ್ಣು ಬೂದು ಬಣ್ಣದಲ್ಲೇ ಇರುತ್ತದೆ.

ಏಂಜಲ್, ಡಿಸ್ಕಸ್, ಆಸ್ಕರ್ ಹಾಗಲ್ಲ. ಗಂಡು ಹೆಣ್ಣು ಎರಡೂ ಸೇರಿ ಜಾಗ ಉಜ್ಜುತ್ತವೆ, ಮೊಟ್ಟೆಗೆ ರೆಕ್ಕೆಯಿಂದ ನೀರು ಬೀಸುತ್ತವೆ, ಕಾವಲು ಕಾಯುತ್ತವೆ. ಇಬ್ಬರಿಗೂ ಒಂದೇ ಕೆಲಸ, ಹಾಗಾಗಿ ವೇಷವೂ ಒಂದೇ. ಇವು ದೊಡ್ಡವಾದ ಮೇಲೂ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ದೊಡ್ಡವರಲ್ಲೇ ಇಲ್ಲದ ಗುರುತನ್ನು ಮರಿಯಲ್ಲಿ ಹುಡುಕಿ ಏನು ಸಿಕ್ಕೀತು?

ಇದಕ್ಕೆ ಹೊರತಾದವೂ ಇವೆ. ಮಲಾವಿಯ ಯೆಲ್ಲೋ ಲ್ಯಾಬ್‌ನಲ್ಲಿ ಮರಿ ಸಾಕುವುದು ಹೆಣ್ಣು ಒಂದೇ, ಆದರೂ ಎರಡೂ ಹಳದಿಯೇ. ಡೆಮಸೋನಿಯಲ್ಲಿ ಎರಡಕ್ಕೂ ಅದೇ ನೀಲಿ ಕಪ್ಪು ಪಟ್ಟೆ. ಇನ್ನೊಂದು ಕಡೆ ಮಧ್ಯ ಅಮೆರಿಕದ ಕಾನ್ವಿಕ್ಟ್, ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್. ಇವುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಮರಿ ಕಾಯುತ್ತಾರೆ, ಆದರೆ ಬಣ್ಣ ಹಚ್ಚಿಕೊಂಡು ಎದುರಿನವರನ್ನು ಒಲಿಸಲು ಹೋಗುವುದು ಹೆಣ್ಣು. ಒಳ್ಳೇ ಬಿಲ ಇರುವ ಗಂಡಿಗಾಗಿ ಹೆಣ್ಣುಗಳು ಪೈಪೋಟಿ ಮಾಡುತ್ತವೆ. ಈ ಹೊರತುಗಳಲ್ಲೇ ನಮಗೆ ತುಂಬ ಉಪಯೋಗ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮರಿಗಳೆಲ್ಲ ಯಾಕೆ ಹೆಣ್ಣಿನ ಹಾಗೇ ಕಾಣುತ್ತವೆ

ಗಂಡಿನ ಬಣ್ಣ, ಉದ್ದ ರೆಕ್ಕೆ, ಹಣೆಯ ಉಬ್ಬು, ಇವೆಲ್ಲ ಗಂಡಿನ ಹಾರ್ಮೋನಿನಿಂದ ಬರುವಂಥವು. ಮರಿ ಬಲಿಯುವವರೆಗೆ ಆ ಹಾರ್ಮೋನ್ ಅಷ್ಟಾಗಿ ಇರುವುದಿಲ್ಲ. ಜೊತೆಗೆ ಇನ್ನೊಂದು ಕಾರಣ. ಚಿಕ್ಕ ಗಂಡು ಮರಿ ದೊಡ್ಡ ಗಂಡಿನ ಬಣ್ಣ ತೋರಿಸಿದರೆ ಒದೆ ತಿನ್ನುತ್ತದೆ. ಹೆಣ್ಣಿನ ಹಾಗೆ ಕಂಡರೆ ದೊಡ್ಡ ಗಂಡು ಅದನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಹಾಗಾಗಿ ಬಹಳ ಜಾತಿಗಳಲ್ಲಿ ಮರಿಗಳೆಲ್ಲ ಹೆಣ್ಣಿನ ವೇಷದಲ್ಲೇ ಬೆಳೆಯುತ್ತವೆ.

ದೊಡ್ಡದಾದ ಮೇಲೂ ಕೆಲವು ಗಂಡುಗಳು ಆ ವೇಷ ಬಿಡುವುದಿಲ್ಲ. ಟ್ಯಾಂಗನಿಕಾ ಸರೋವರದ ಕಡೆ ಬರ್ಟೋನಿ ಅನ್ನುವ ಒಂದು ಸಿಕ್ಲಿಡ್ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಸೆಲ್ ಫರ್ನಾಲ್ಡ್ ಅವರ ತಂಡ ಇದರ ಮೇಲೆ ಬಹಳ ಕಾಲ ಕೆಲಸ ಮಾಡಿದೆ. ಈ ಮೀನಿನಲ್ಲಿ ಜಾಗ ಹಿಡಿದ ಗಂಡಿಗೆ ಮಾತ್ರ ಗಾಢ ಬಣ್ಣ, ಕಣ್ಣಿನ ಕೆಳಗೆ ಕಪ್ಪು ಗೆರೆ. ಸೋತು ಮೂಲೆ ಸೇರಿದ ಗಂಡುಗಳು ಹೆಣ್ಣಿನ ಹಾಗೆ ಮಾಸಲು ಬಣ್ಣದಲ್ಲಿ ಇರುತ್ತವೆ. ಅವರು ಕತ್ತಲಲ್ಲಿ ದೊಡ್ಡ ಗಂಡನ್ನು ಎತ್ತಿ ಬೇರೆ ಕಡೆ ಇಟ್ಟರು. ದೀಪ ಹಾಕಿದ ಕೆಲವೇ ನಿಮಿಷಗಳಲ್ಲಿ ಮೂಲೆಯ ಗಂಡು ಬಣ್ಣ ಬದಲಿಸಿಕೊಂಡು ಜಬರದಸ್ತು ಶುರುಮಾಡಿತು. 2005ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ನಮ್ಮ ಟ್ಯಾಂಕಿನಲ್ಲೂ ಇದನ್ನೇ ನೋಡುತ್ತೇವೆ. "ಇಷ್ಟು ದಿನ ಹೆಣ್ಣಾಗಿದ್ದದ್ದು ಗಂಡಾಗಿಬಿಟ್ಟಿತು" ಅಂತ ಯಾರಾದರೂ ಹೇಳಿದರೆ, ಹೆಚ್ಚಾಗಿ ಅದು ಮೊದಲಿನಿಂದ ಗಂಡೇ, ಮೇಲಿದ್ದ ಒತ್ತಡ ಹೋದ ಮೇಲೆ ಮುಖ ತೋರಿಸಿತು ಅಷ್ಟೇ.

ಇನ್ನೂ ಸೋಜಿಗದ ವಿಷಯ ಏನಂದರೆ, ಕೆಲವು ಸಿಕ್ಲಿಡ್‌ಗಳಲ್ಲಿ ಮೊಟ್ಟೆ ಒಡೆಯುವ ಹೊತ್ತಿಗೆ ಗಂಡೋ ಹೆಣ್ಣೋ ಅನ್ನುವುದೇ ಪೂರ್ತಿ ತೀರ್ಮಾನ ಆಗಿರುವುದಿಲ್ಲ. ದಕ್ಷಿಣ ಅಮೆರಿಕದ ಅಪಿಸ್ಟೋಗ್ರಾಮಾ ಅನ್ನುವ ಪುಟ್ಟ ಸಿಕ್ಲಿಡ್‌ಗಳ ಮರಿಗಳನ್ನು 23, 26, 29 ಡಿಗ್ರಿ ನೀರಿನಲ್ಲಿ ಬೇರೆ ಬೇರೆ ಬೆಳೆಸಿ ನೋಡಿದ ಅಧ್ಯಯನ 1996ರಲ್ಲಿ ಬಂತು. ಬಹಳಷ್ಟು ಜಾತಿಗಳಲ್ಲಿ ನೀರು ಬೆಚ್ಚಗಾದಷ್ಟೂ ಗಂಡು ಜಾಸ್ತಿ ಆದವು. ಕ್ರಿಬೆನ್ಸಿಸ್‌ನಲ್ಲಿ ನೀರಿನ ಹುಳಿಯೂ ಸೇರಿಕೊಳ್ಳುತ್ತದೆ. ಪಿಎಚ್ ಕಡಿಮೆ, ಅಂದರೆ ಹುಳಿ ಹೆಚ್ಚು ಇರುವ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಗಂಡಿನ ಪಾಲು ಹೆಚ್ಚು. ನೈಲ್ ತಿಲಾಪಿಯಾದಲ್ಲಿ ಹುಟ್ಟಿನ ಗುಣವೂ ಇದೆ, ಆದರೆ ಮೊದಲ ವಾರಗಳಲ್ಲಿ ನೀರು 35 ಡಿಗ್ರಿಯ ಆಸುಪಾಸು ಇದ್ದರೆ ಹೆಣ್ಣಾಗಬೇಕಿದ್ದ ಮರಿಗಳಲ್ಲೂ ಕೆಲವು ಗಂಡಾಗುತ್ತವೆ. ಹಾಗಾಗಿ ಒಂದೇ ತಾಯಿಯ ಮರಿಗಳನ್ನು ಆರು ತಂದರೆ ಮೂರು ಗಂಡು ಮೂರು ಹೆಣ್ಣು ಸಿಗುತ್ತವೆ ಅನ್ನುವ ಲೆಕ್ಕ ಎಲ್ಲ ಸಲವೂ ನಡೆಯುವುದಿಲ್ಲ. ಬೇಸಿಗೆಯಲ್ಲಿ, ಶೀಟಿನ ಸೂರಿನ ಕೆಳಗೆ ಇಟ್ಟ ತೊಟ್ಟಿಯಲ್ಲಿ ಬೆಳೆದ ಅಪಿಸ್ಟೋ ಮರಿಗಳನ್ನು ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಚಿಕ್ಕದರಲ್ಲೇ ಗೊತ್ತಾಗುವಂಥವು

ಹೊಸಬರು ಯಾರಾದರೂ ಸಿಕ್ಲಿಡ್ ಸಾಕಿ ಮರಿ ಮಾಡಿಸಬೇಕು ಅಂದರೆ ನಾನು ಮೊದಲು ಹೇಳುವ ಹೆಸರು ಕಾನ್ವಿಕ್ಟ್. ಬೂದು ಮೈಮೇಲೆ ಕಪ್ಪು ಪಟ್ಟೆ, ಗಟ್ಟಿ ಜೀವ. ಮೂರು ನಾಲ್ಕು ಸೆಂಟಿಮೀಟರ್ ಆಗುವ ಹೊತ್ತಿಗೆ ಹೆಣ್ಣಿನ ಹೊಟ್ಟೆಯ ಪಕ್ಕದಲ್ಲಿ, ಪಟ್ಟೆಗಳ ನಡುವೆ, ಕಿತ್ತಳೆ ಅಥವಾ ಬಂಗಾರದ ಬಣ್ಣದ ಹುರುಪೆಗಳು ಕಾಣಲು ಶುರುವಾಗುತ್ತವೆ. ಟ್ಯಾಂಕಿನ ದೀಪ ಮೇಲಿನಿಂದ ಬೀಳುತ್ತದೆ, ಹೊಟ್ಟೆಯ ಭಾಗ ನೆರಳಲ್ಲಿರುತ್ತದೆ, ಅದಕ್ಕೇ ಎಷ್ಟೋ ಜನರಿಗೆ ಇದು ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ಗಾಜಿನ ಪಕ್ಕದಿಂದ, ಸ್ವಲ್ಪ ಕೆಳಗಿನಿಂದ ಹಿಡಿದು ನೋಡಿ. ಗಂಡಿನಲ್ಲಿ ಆ ಬಣ್ಣ ಇರುವುದಿಲ್ಲ. ಅದು ಬೂದು ಕಪ್ಪಿನಲ್ಲೇ ಉಳಿದು, ಮುಂದೆ ಹೆಣ್ಣಿಗಿಂತ ದೊಡ್ಡದಾಗಿ, ಬೆನ್ನಿನ ರೆಕ್ಕೆಯ ತುದಿ ಉದ್ದವಾಗಿ, ಹಣೆ ಉಬ್ಬುತ್ತದೆ. ಬಿಳಿ ಗುಲಾಬಿ ಬಣ್ಣದ ಕಾನ್ವಿಕ್ಟ್ ತಳಿಯಲ್ಲೂ ಹೆಣ್ಣಿಗೆ ಆ ಕಿತ್ತಳೆ ಬರುತ್ತದೆ, ಪಟ್ಟೆ ಇಲ್ಲದ್ದರಿಂದ ಇನ್ನೂ ಸುಲಭವಾಗಿ ಕಾಣುತ್ತದೆ. ಗಂಡಿಗೇ ಬಣ್ಣ ಜಾಸ್ತಿ ಅಂತ ಅಂದುಕೊಂಡು ಕಿತ್ತಳೆ ಇರುವುದನ್ನೇ ಆರಿಸಿ ತಂದವರ ಮನೆಯಲ್ಲಿ ಬರೀ ಹೆಣ್ಣುಗಳು ತುಂಬಿಕೊಂಡದ್ದನ್ನು ನೋಡಿದ್ದೇನೆ.

ಕ್ರಿಬೆನ್ಸಿಸ್ ಸ್ವಲ್ಪ ತಡ. ಹೆಣ್ಣು ಗಿಡ್ಡ, ದುಂಡಗೆ, ಹೊಟ್ಟೆಯ ಮೇಲೆ ನೇರಳೆ ಹಣ್ಣಿನ ಕೆಂಪು. ಗಂಡು ಉದ್ದ, ಬೆನ್ನಿನ ರೆಕ್ಕೆಯ ತುದಿ ಚೂಪು. ಸಾಲ್ವಿನಿ ಅನ್ನುವ ಹಳದಿ ಸಿಕ್ಲಿಡ್‌ನಲ್ಲಿ ಹೆಣ್ಣಿನ ಬೆನ್ನಿನ ರೆಕ್ಕೆಯ ನಡುವೆ ಒಂದು ಕಪ್ಪು ಕಲೆ ಇರುತ್ತದೆ. ಫ್ಲವರ್‌ಹಾರ್ನ್ ಸಾಕುವವರೂ ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಇದ್ದರೆ ಹೆಣ್ಣು ಅನ್ನುತ್ತಾರೆ. ಆದರೆ ಅದು ಹಲವು ಜಾತಿ ಬೆರೆಸಿ ಮಾಡಿದ ತಳಿ, ಅಪ್ಪ ಅಮ್ಮ ಯಾರಿಂದ ಏನು ಬಂತು ಅನ್ನುವುದು ಒಂದೊಂದು ಮೀನಿನಲ್ಲಿ ಒಂದೊಂದು ಥರ, ಹಾಗಾಗಿ ಆ ಚುಕ್ಕೆಯೊಂದನ್ನೇ ನಂಬಿ ದುಡ್ಡು ಕೊಡಬೇಡಿ. ರ‍್ಯಾಮ್‌ನಲ್ಲಿ ಹೆಣ್ಣಿನ ಹೊಟ್ಟೆ ಗುಲಾಬಿ, ಮೈ ನಡುವಿನ ಕಪ್ಪು ಕಲೆಯೊಳಗೆ ನೀಲಿ ಮಿಂಚು. ಗಂಡಿನಲ್ಲಿ ಆ ಕಲೆ ಬರೀ ಕಪ್ಪು, ಬೆನ್ನಿನ ರೆಕ್ಕೆಯ ಮುಂದಿನ ಮುಳ್ಳುಗಳು ಉದ್ದ. ಇದು ಸಾಮಾನ್ಯ ರ‍್ಯಾಮ್‌ಗೆ. ಎಲೆಕ್ಟ್ರಿಕ್ ಬ್ಲೂ ಥರದ ತಳಿಗಳಲ್ಲಿ ಇಡೀ ಮೈ ನೀಲಿ, ಕಲೆಯೇ ಇರುವುದಿಲ್ಲ, ಗುಲಾಬಿ ಹೊಟ್ಟೆ ಕಂಡರೆ ಅದೇ ದಾರಿ.

ಮಲಾವಿಯ ಝೀಬ್ರಾ ಗುಂಪಿನಲ್ಲಿ ಒಂದು ಚೆಂದದ ಗುರುತಿದೆ. ಕೆಲವು ಮರಿಗಳ ಮೈ ಕಿತ್ತಳೆ, ಅದರ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆಗಳು. ಇವನ್ನು ಓಬಿ ಅನ್ನುತ್ತಾರೆ. ಈ ಕಲೆಗಳ ಜೀನ್ ಹೆಣ್ಣಾಗಿಸುವ ಜೀನಿನ ಪಕ್ಕದಲ್ಲೇ ಇದೆ, ಎರಡೂ ಒಟ್ಟಿಗೇ ಮರಿಗೆ ಬರುತ್ತವೆ ಅಂತ 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಹಾಗಾಗಿ ಈ ಗುಂಪಿನಲ್ಲಿ ಕಲೆ ಇರುವ ಮರಿ ಬಹುತೇಕ ಹೆಣ್ಣು. ಕಲೆ ಇರುವ ಗಂಡು ಅಪರೂಪಕ್ಕೆ ಹುಟ್ಟುತ್ತದೆ. ಆದರೆ ಅಂಗಡಿಯಲ್ಲಿ "ಓಬಿ ಪೀಕಾಕ್" ಅಂತ ಸಿಗುವ ಮೀನಿಗೆ ಈ ಲೆಕ್ಕ ಹಾಕಬೇಡಿ. ಅದು ಮನುಷ್ಯರು ಬೆರಕೆ ಮಾಡಿ ಬೆಳೆಸಿದ್ದು, ಅದರಲ್ಲಿ ಕಲೆ ಇರುವ ಗಂಡುಗಳೇ ಮಾರಾಟಕ್ಕೆ ಬರುವುದು ಜಾಸ್ತಿ.

ನಂಬಿ ಮೋಸಹೋಗುವ ಗುರುತುಗಳು

ಎಂಬುನಾ ಗಂಡಿನ ಕೆಳಗಿನ ಹಿಂಭಾಗದ ರೆಕ್ಕೆಯ ಮೇಲೆ ಹಳದಿ ಚುಕ್ಕೆಗಳಿರುತ್ತವೆ, ನೋಡಲು ಮೊಟ್ಟೆಯ ಹಾಗೇ. ಹೆಣ್ಣು ಅವನ್ನು ಕಚ್ಚಲು ಬಂದಾಗ ಅದರ ಬಾಯಲ್ಲಿರುವ ಮೊಟ್ಟೆಗಳಿಗೆ ಗಂಡಿನ ಬೀಜ ಸೇರುತ್ತದೆ. ಇದು ನಿಜ. ಇದರಿಂದಲೇ "ಚುಕ್ಕೆ ಇದ್ದರೆ ಗಂಡು" ಅನ್ನುವ ಮಾತು ಹುಟ್ಟಿಕೊಂಡಿದೆ. ಆದರೆ ಹೆಣ್ಣಿಗೂ ಚುಕ್ಕೆ ಇರುತ್ತದೆ. ಗಂಡಿನಲ್ಲಿ ಹೆಚ್ಚಾಗಿ ಸ್ವಲ್ಪ ಜಾಸ್ತಿ, ಸ್ವಲ್ಪ ದಟ್ಟ, ಅಷ್ಟೇ. ಮರಿಯಲ್ಲಿ ಅದನ್ನು ಎಣಿಸಿ ಪ್ರಯೋಜನ ಇಲ್ಲ.

ಯೆಲ್ಲೋ ಲ್ಯಾಬ್‌ನಲ್ಲಿ ಹೊಟ್ಟೆಯ ರೆಕ್ಕೆ ಕಪ್ಪಾಗಿದ್ದರೆ ಗಂಡು ಅನ್ನುತ್ತಾರೆ. ಇದೂ ಅರ್ಧ ಸತ್ಯ, ಗುಂಪಿನಲ್ಲಿ ಜೋರಾಗಿರುವ ಹೆಣ್ಣಿಗೂ ಕಪ್ಪು ಬರುತ್ತದೆ. ಕೆನ್ಯಿ ಅನ್ನುವ ಎಂಬುನಾದಲ್ಲಿ ಮರಿಗಳೆಲ್ಲ ನೀಲಿ. ದೊಡ್ಡದಾದ ಮೇಲೆ ಗಂಡು ಹಳದಿಯಾಗುತ್ತದೆ, ಹೆಣ್ಣು ನೀಲಿಯಾಗಿಯೇ ಇರುತ್ತದೆ. ಔರಾಟಸ್‌ನಲ್ಲಿ ಇದು ತಿರುಗುಮುರುಗು. ಮರಿ ಮತ್ತು ಹೆಣ್ಣು ಹಳದಿ, ಗಂಡು ಕಪ್ಪಾಗುತ್ತದೆ. ನೀಲಿ ಅಂದರೆ ಗಂಡು, ಹಳದಿ ಅಂದರೆ ಹೆಣ್ಣು ಅಂದುಕೊಂಡು ಈ ಎರಡನ್ನೂ ತಂದವರ ಅವಸ್ಥೆ ಯೋಚಿಸಿ. ಅದೂ ಎರಡೂ ಮಹಾ ಜಗಳಗಂಟ ಜಾತಿಗಳು.

ಗಾತ್ರವೂ ಅಷ್ಟೇ. ಒಂದೇ ಮೊಟ್ಟೆಯ ಗುಂಪಿನ ಮರಿಗಳಲ್ಲಿ ಗಂಡು ಬೇಗ ಬೆಳೆಯುವುದು ಹೌದು. ಆದರೆ ಅಂಗಡಿಯ ತೊಟ್ಟಿಯಲ್ಲಿ ಒಂದೇ ವಯಸ್ಸಿನವು ಇರುತ್ತವೆ ಅನ್ನುವ ಖಾತ್ರಿ ಏನು? ಜೋರು ಇರುವ ಹೆಣ್ಣು ಮರಿ ಎಲ್ಲರ ಪಾಲಿನ ತಿಂಡಿ ತಿಂದು ದೊಡ್ಡದಾಗಿರಬಹುದು. ತೊಟ್ಟಿಯಲ್ಲಿ ಎದ್ದು ಕಾಣುವ ನಾಲ್ಕು ದೊಡ್ಡ ಮರಿಗಳನ್ನೇ ಆರಿಸಿಕೊಂಡರೆ ನಾಲ್ಕೂ ಗಂಡು ಆಗುವ ಸಂಭವವೂ ಇದೆ. ದೊಡ್ಡದು, ನಡುವಿನದು, ಚಿಕ್ಕದು ಬೆರೆಸಿ ಆರಿಸುವುದು ವಾಸಿ.

ಇನ್ನೊಂದು, ಬಹಳ ಬೇಸರದ ವಿಷಯ. ಪೀಕಾಕ್ ಅನ್ನುವ ಮಲಾವಿ ಸಿಕ್ಲಿಡ್‌ನ ನಾಲ್ಕು ಸೆಂಟಿಮೀಟರ್ ಮರಿಗಳು ತೊಟ್ಟಿ ತುಂಬ ಒಂದೇ ಥರ ಬಣ್ಣ ತುಂಬಿಕೊಂಡು ಹೊಳೆಯುತ್ತಿದ್ದರೆ ಅನುಮಾನಪಡಿ. ಆ ವಯಸ್ಸಿಗೆ ಅಷ್ಟು ಬಣ್ಣ ಸಹಜವಾಗಿ ಬರುವುದಿಲ್ಲ. ಆಹಾರದಲ್ಲಿ ಗಂಡಿನ ಹಾರ್ಮೋನ್ ಬೆರೆಸಿ ಕೊಟ್ಟರೆ ಹೆಣ್ಣು ಮರಿಗೂ ಗಂಡಿನ ಬಣ್ಣ ಬರುತ್ತದೆ. ಮನೆಗೆ ತಂದ ಮೇಲೆ ಕೆಲವು ತಿಂಗಳಲ್ಲಿ ಬಣ್ಣ ಇಳಿಯುತ್ತದೆ, ಮೀನಿಗೆ ಏನೋ ಕಾಯಿಲೆ ಬಂತು ಅಂತ ನಾವು ಔಷಧಿ ಹಾಕುತ್ತಾ ಕೂರುತ್ತೇವೆ. ಈ ಹಾರ್ಮೋನಿನ ವಿದ್ಯೆ ಹೊಸದಲ್ಲ. ತಿಲಾಪಿಯಾ ಸಾಕಣೆಯಲ್ಲಿ ಗಂಡು ಬೇಗ ಬೆಳೆಯುತ್ತದೆ, ಹೆಣ್ಣಿದ್ದರೆ ಹೊಂಡದ ತುಂಬ ಮರಿಯಾಗಿ ಯಾವುದೂ ದಪ್ಪ ಆಗುವುದಿಲ್ಲ, ಹಾಗಾಗಿ ಹುಟ್ಟಿದ ಮೊದಲ ಮೂರು ನಾಲ್ಕು ವಾರ ಮೀಥೈಲ್ ಟೆಸ್ಟೋಸ್ಟಿರೋನ್ ಬೆರೆಸಿದ ಆಹಾರ ಕೊಟ್ಟು ಎಲ್ಲವನ್ನೂ ಗಂಡಾಗಿಸುತ್ತಾರೆ. ಅಲ್ಲಿ ಅದಕ್ಕೊಂದು ಉದ್ದೇಶ ಇದೆ. ಅಕ್ವೇರಿಯಂ ಮರಿಗೆ ಬಣ್ಣ ಬರಲಿ ಅಂತ ಕೊಡುವುದು ಕೊಳ್ಳುವವರಿಗೂ ಮೀನಿಗೂ ಮಾಡುವ ಅನ್ಯಾಯ. ಅಂಥ ಮೀನುಗಳಿಂದ ಮರಿ ಮಾಡಿಸುವುದೂ ಎಷ್ಟೋ ಸಲ ಆಗದ ಕೆಲಸ.

ಹೊಟ್ಟೆ ಮೇಲೆ ಮಾಡಿ ನೋಡುವುದು

ಬಣ್ಣ ಬದಲಾಗಬಹುದು, ರೆಕ್ಕೆ ಹರಿದಿರಬಹುದು, ನಡತೆಯೂ ದಾರಿ ತಪ್ಪಿಸಬಹುದು. ನನ್ನ ಎರಡು ಏಂಜಲ್‌ಗಳು ಮಾಡಿದ್ದು ಅದನ್ನೇ. ಮೈಯ ರಚನೆ ಮಾತ್ರ ಬದಲಾಗುವುದಿಲ್ಲ. ಹಳಬರು ನಂಬುವುದು ಅದನ್ನೇ, ಇದಕ್ಕೆ ವೆಂಟಿಂಗ್ ಅನ್ನುತ್ತಾರೆ. ಎಂಬುನಾ ಥರದ ಬಾಯಲ್ಲಿ ಮರಿ ಸಾಕುವ ಜಾತಿಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ.

ಮೀನನ್ನು ಅಂಗಾತ ಹಿಡಿದರೆ, ಹೊಟ್ಟೆಯ ರೆಕ್ಕೆಗಳಿಗೂ ಬಾಲದ ಕಡೆಯ ಕೆಳರೆಕ್ಕೆಗೂ ನಡುವೆ ಎರಡು ಸಣ್ಣ ತೂತು ಕಾಣುತ್ತವೆ. ತಲೆಯ ಕಡೆಗಿರುವುದು ಮಲ ಹೋಗುವ ಜಾಗ. ಬಾಲದ ಕಡೆಗಿರುವುದು ಗಂಡಿನಲ್ಲಿ ಬೀಜ, ಹೆಣ್ಣಿನಲ್ಲಿ ಮೊಟ್ಟೆ ಬರುವ ಜಾಗ. ಗಂಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ, ಎರಡೂ ಚಿಕ್ಕವು. ಹೆಣ್ಣಿನಲ್ಲಿ ಹಿಂದಿನ ತೂತು ಮುಂದಿನದಕ್ಕಿಂತ ಎದ್ದು ಕಾಣುವಷ್ಟು ಅಗಲ. ಯಾಕೆ ಅಂತ ಯೋಚಿಸಿದರೆ ಮರೆಯುವುದೇ ಇಲ್ಲ. ಎಂಬುನಾ ಹೆಣ್ಣು ಇಡುವುದು ಕಡಿಮೆ ಮೊಟ್ಟೆ, ಆದರೆ ಒಂದೊಂದೂ ದಪ್ಪ, ಮೂರು ನಾಲ್ಕು ಮಿಲಿಮೀಟರ್. ಅಷ್ಟು ದಪ್ಪದ ಮೊಟ್ಟೆ ಹೊರಬರಲು ದಾರಿ ಬೇಕು. ಗಂಡಿಗೆ ಆ ದಾರಿಯ ಅಗತ್ಯ ಇಲ್ಲ.

ತಿಲಾಪಿಯಾ ಸಾಕುವವರೂ ಇದನ್ನೇ ಮಾಡುತ್ತಾರೆ. ಅಲ್ಲಿ ಹೆಣ್ಣಿನಲ್ಲಿ ಮೊಟ್ಟೆಯ ದಾರಿ ಅಡ್ಡವಾದ ಒಂದು ಸೀಳಿನ ಹಾಗೆ ಇರುತ್ತದೆ, ಅದು ಸರಿಯಾಗಿ ಕಾಣಲಿ ಅಂತ ಒಂದು ಹನಿ ಬಣ್ಣ ಹಚ್ಚಿ ನೋಡುತ್ತಾರೆ. ಬಣ್ಣ ಸೀಳಿನೊಳಗೆ ನಿಂತು ಗೆರೆ ಎದ್ದು ಕಾಣುತ್ತದೆ.

ಎಷ್ಟು ದೊಡ್ಡದಾದ ಮೇಲೆ ನೋಡಬೇಕು? ಕೈ ಪಳಗಿದವರು ಐದು ಸೆಂಟಿಮೀಟರ್ ಮರಿಯಲ್ಲೇ ಹೇಳುತ್ತಾರೆ. ನಾನು ಆರು ಏಳು ಸೆಂಟಿಮೀಟರ್ ಆಗುವವರೆಗೆ ಮೀನನ್ನು ಮುಟ್ಟುವುದಿಲ್ಲ. ಅದಕ್ಕಿಂತ ಚಿಕ್ಕದರಲ್ಲಿ ಎರಡೂ ತೂತು ಸೂಜಿಮೊನೆಯಷ್ಟೇ, ಊಹೆ ಮಾಡಿದಂತಾಗುತ್ತದೆ, ಸುಮ್ನೆ ಮರಿಗೆ ಹಿಂಸೆ.

ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಿ. ಹೊಟ್ಟೆ ತುಂಬಿದ್ದರೆ ಮುಂದಿನ ತೂತು ಉಬ್ಬಿಕೊಂಡು ಲೆಕ್ಕ ತಪ್ಪಿಸುತ್ತದೆ. ಬಲೆ ನುಣ್ಣನೆಯದು ಇರಲಿ, ಮೊದಲು ನೀರಲ್ಲಿ ನೆನೆಸಿ. ಸಿಕ್ಲಿಡ್‌ಗಳ ಬೆನ್ನಿನ ರೆಕ್ಕೆಯಲ್ಲಿ ಗಟ್ಟಿ ಮುಳ್ಳುಗಳಿವೆ, ದೊರಗು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ರೆಕ್ಕೆ ಹರಿಯುತ್ತದೆ, ನಿಮ್ಮ ಬೆರಳಿಗೂ ಚುಚ್ಚುತ್ತದೆ. ಕೈಗೆ ಸೋಪು, ಕ್ರೀಮು ಏನೂ ಇರಬಾರದು. ಟ್ಯಾಂಕಿನ ನೀರಲ್ಲೇ ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಅದು ಮೀನಿಗೆ ಕಾಯಿಲೆ ತಡೆಯುವ ಹೊದಿಕೆ. ಅಂಗೈಯಲ್ಲಿ ಮೆಲ್ಲಗೆ ಅಂಗಾತ ಇಟ್ಟುಕೊಂಡು, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಹತ್ತಿರದಿಂದ ಫೋಟೋ ತೆಗೆಸಿ, ಕೂಡಲೇ ನೀರಿಗೆ ಬಿಡಿ. ಕೈಯಲ್ಲಿ ಹಿಡಿದುಕೊಂಡು ಯೋಚಿಸುತ್ತಾ ನಿಲ್ಲಬೇಡಿ, ಯೋಚಿಸುವುದನ್ನು ಫೋಟೋ ನೋಡಿಕೊಂಡು ಮಾಡಿ. ಹಿಡಿಯಲು ಭಯ ಇದ್ದರೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ನೀರು ಹಾಕಿ ಮೀನು ಬಿಟ್ಟು, ಡಬ್ಬಿಯನ್ನು ಮೇಲೆತ್ತಿ ಕೆಳಗಿನಿಂದ ನೋಡಬಹುದು. ಸ್ವಲ್ಪ ತಾಳ್ಮೆ ಬೇಕು, ಆದರೆ ಮೀನಿಗೆ ಇದೇ ಹಿತ.

ಬಾಯಲ್ಲಿ ಮರಿ ಇಟ್ಟುಕೊಂಡಿರುವ ಮೀನನ್ನು ಇದಕ್ಕಾಗಿ ಹಿಡಿಯಬೇಡಿ, ಗಾಬರಿಯಲ್ಲಿ ಮರಿ ಉಗುಳಿಬಿಡುತ್ತದೆ. ಹೇಗೂ ಅದು ಹೆಣ್ಣೇ ಅಂತ ಗೊತ್ತಾಯಿತಲ್ಲ.

ಒಂದು ಮೀನನ್ನು ಮಾತ್ರ ನೋಡಿದರೆ "ಇದು ಅಗಲವೋ ಚಿಕ್ಕದೋ" ಅಂತ ತೀರ್ಮಾನಕ್ಕೆ ಬರಲಾಗುವುದಿಲ್ಲ. ಒಂದೇ ಜಾತಿಯ ನಾಲ್ಕೈದು ಮೀನುಗಳ ಫೋಟೋ ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಕಷ್ಟವಿಲ್ಲ. ನನಗೆ ಮೊದಲ ಸಲ ಒಂಬತ್ತು ಯೆಲ್ಲೋ ಲ್ಯಾಬ್‌ಗಳಲ್ಲಿ ಏಳು ಸರಿಯಾಗಿ ಹೇಳಲು ಬಂತು, ಎರಡು ತಪ್ಪಾಗಿತ್ತು. ಎರಡು ತಿಂಗಳು ಬಿಟ್ಟು ಮತ್ತೆ ನೋಡಿದಾಗ ಆ ಎರಡೂ ಸ್ಪಷ್ಟವಾದವು.

ಏಂಜಲ್, ಆಸ್ಕರ್, ಡಿಸ್ಕಸ್ ಮರಿಗಳಲ್ಲಿ ಇದೂ ಕೆಲಸಕ್ಕೆ ಬರುವುದಿಲ್ಲ. ಅವುಗಳಲ್ಲಿ ಮೊಟ್ಟೆ ಇಡುವ ಒಂದೆರಡು ದಿನ ಮೊದಲು ಅದೇ ಜಾಗದಿಂದ ಒಂದು ಸಣ್ಣ ಕೊಳವೆ ಹೊರಬರುತ್ತದೆ. ಹೆಣ್ಣಿನದು ದಪ್ಪ, ತುದಿ ಮೊಂಡು. ಗಂಡಿನದು ಸಪೂರ, ತುದಿ ಚೂಪು, ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ನಿಜ ಹೇಳಬೇಕಂದರೆ ಅದನ್ನು ನೋಡುವ ಹೊತ್ತಿಗೆ ಅವು ಮರಿಗಳಾಗಿರುವುದಿಲ್ಲ. ಏಂಜಲ್‌ಗೆ ಎಂಟು ಹತ್ತು ತಿಂಗಳಾದರೂ ಬೇಕು, ಆಸ್ಕರ್‌ಗೆ ವರ್ಷದ ಮೇಲೆ. ಯಾರಾದರೂ ಬೆರಳುದ್ದದ ಆಸ್ಕರ್ ಮರಿಗಳನ್ನು ತೋರಿಸಿ "ಇದು ಗಂಡು, ಇದು ಹೆಣ್ಣು" ಅಂದರೆ, ಅವರು ಎಷ್ಟೇ ಅನುಭವಸ್ಥರಾದರೂ, ಆ ಮಾತಿಗೆ ಹೆಚ್ಚಿನ ದುಡ್ಡು ಕೊಡಬೇಡಿ.

ಹಾಗಾದರೆ ಕೊಳ್ಳುವುದು ಹೇಗೆ

ಮರಿಯಲ್ಲಿ ಗೊತ್ತಾಗದ ಜಾತಿಯಾದರೆ ಜೋಡಿ ಕೊಳ್ಳಬೇಡಿ, ಗುಂಪು ಕೊಳ್ಳಿ. ಗಂಡು ಹೆಣ್ಣು ಸಮ ಸಮ ಹುಟ್ಟುತ್ತವೆ ಅಂತ ಇಟ್ಟುಕೊಂಡರೂ, ಎರಡು ಮರಿ ತಂದಾಗ ಎರಡೂ ಒಂದೇ ಆಗುವ ಸಂಭವ ನೂರಕ್ಕೆ ಐವತ್ತು. ಆರು ತಂದರೆ ಆರೂ ಒಂದೇ ಆಗುವ ಸಂಭವ ನೂರಕ್ಕೆ ಮೂರು ಮಾತ್ರ. ಅದಕ್ಕೇ ಎಲ್ಲರೂ ಆರು ಅನ್ನುವುದು. ಏಂಜಲ್ ಆದರೆ ಆರು ಮರಿ ಒಟ್ಟಿಗೆ ಬೆಳೆಸಿ. ತಮಗೆ ಬೇಕಾದವರನ್ನು ಅವೇ ಆರಿಸಿಕೊಳ್ಳುತ್ತವೆ. ಜೋಡಿಯಾದ ಮೇಲೆ ಉಳಿದವಕ್ಕೆ ಬೇರೆ ಮನೆ ನೋಡಬೇಕಾಗುತ್ತದೆ, ಅದನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳಿ.

ಎಂಬುನಾದಲ್ಲಿ ಜೋಡಿ ಅನ್ನುವ ಮಾತೇ ಇಲ್ಲ. ಒಂದು ಗಂಡು, ಒಂದು ಹೆಣ್ಣು ಇಟ್ಟರೆ ಗಂಡು ಆ ಒಂದೇ ಹೆಣ್ಣನ್ನು ಅಟ್ಟಿ ಅಟ್ಟಿ ಸಾಯಿಸುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು, ಆಗ ಕಾಟ ಹಂಚಿಹೋಗುತ್ತದೆ. ಹಾಗಾಗಿ ಎಂಟು ಹತ್ತು ಮರಿ ತಂದು, ಬೆಳೆಯುತ್ತಾ ಹೋದ ಹಾಗೆ ಹೆಚ್ಚುವರಿ ಗಂಡುಗಳನ್ನು ತೆಗೆಯಬೇಕು. ಗಂಡು ಹೆಣ್ಣು ಗುರುತಿಸುವುದು ಯಾಕೆ ಇಷ್ಟು ಮುಖ್ಯ ಅಂದರೆ ಇದಕ್ಕೇ. ಮರಿ ಮಾಡಿಸುವ ಆಸೆ ಇಲ್ಲದವರಿಗೂ ಇದು ಗೊತ್ತಿರಬೇಕು, ಟ್ಯಾಂಕಿನಲ್ಲಿ ಸಾವು ತಪ್ಪಿಸಲು. ತೆಗೆಯುವಾಗಲೂ ಅವಸರ ಬೇಡ. ಮೊದಲು ಬಣ್ಣ ಬಂದ ಗಂಡನ್ನು ತೆಗೆದ ಕೂಡಲೇ ಎರಡನೆಯದು ಬಣ್ಣ ತೋರಿಸುತ್ತದೆ, ಬರ್ಟೋನಿ ಪ್ರಯೋಗದ ಹಾಗೆ. ಎಷ್ಟು ಗಂಡುಗಳಿವೆ ಅಂತ ತಿಳಿಯಲು ಅದೂ ಒಂದು ಉಪಾಯವೇ.

ನಮ್ಮ ನೀರಿನ ಮೀನಿನ ಬಗ್ಗೆಯೂ ಒಂದು ಮಾತು. ಭಾರತಕ್ಕೆ ಸೇರಿದ ಸಿಕ್ಲಿಡ್‌ಗಳು ಮೂರೇ ಜಾತಿ. ಕೇರಳದವರ ಕರಿಮೀನ್, ಹಳದಿ ಬಣ್ಣದ ಆರೆಂಜ್ ಕ್ರೊಮೈಡ್, ಇನ್ನೊಂದು ನಮ್ಮ ದಕ್ಷಿಣ ಕನ್ನಡದ ನದಿಗಳಲ್ಲಿ ಇರುವ ಕೆನರಾ ಪರ್ಲ್‌ಸ್ಪಾಟ್. 1877ರಲ್ಲಿ ಫ್ರಾನ್ಸಿಸ್ ಡೇ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗ ಕೆನರಾ ಅನ್ನುವುದನ್ನೇ ಸೇರಿಸಿದರು. ಈ ಮೂರರಲ್ಲೂ ಅಪ್ಪ ಅಮ್ಮ ಸೇರಿಯೇ ಮರಿ ಸಾಕುತ್ತವೆ. ಮೊದಲು ಹೇಳಿದ ಲೆಕ್ಕದ ಪ್ರಕಾರ ಏನಾಗಬೇಕು? ಗಂಡು ಹೆಣ್ಣು ಒಂದೇ ಥರ ಕಾಣಬೇಕು. ಹಾಗೇ ಇದೆ. ಕೆನರಾ ಪರ್ಲ್‌ಸ್ಪಾಟ್ ಮರಿಗಳನ್ನು ಯಾರಾದರೂ ಗಂಡು ಹೆಣ್ಣು ವಿಂಗಡಿಸಿ ಮಾರಿದರೆ ನಂಬುವ ಹಾಗಿಲ್ಲ.

ನನ್ನ ಏಂಜಲ್‌ಗಳ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆ ಎರಡು ಹೆಣ್ಣುಗಳ ಜೊತೆಗೆ ಬೇರೆ ಕಡೆಯಿಂದ ಐದು ಮರಿ ತಂದೆ, ಅವನ್ನು ಪಕ್ಕದ ಟ್ಯಾಂಕಿನಲ್ಲಿ ಬೆಳೆಸಿ, ಸಮ ಸಮ ಗಾತ್ರ ಬಂದ ಮೇಲೆ ಎಲ್ಲವನ್ನೂ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಹಳೇ ಹೆಣ್ಣುಗಳಲ್ಲಿ ಒಂದು, ಹೊಸದರಲ್ಲಿ ಒಂದರ ಜೊತೆ ಮೂಲೆ ಹಿಡಿಯಿತು. ಈ ಸಲ ಯಾರನ್ನೂ ಕರ‍ೆಯಲಿಲ್ಲ. ಮೊದಲು ಟಾರ್ಚ್ ಹಿಡಿದು ಎರಡರ ಹೊಟ್ಟೆಯ ಕೆಳಗೂ ನೋಡಿದೆ. ಒಂದರ ಕೊಳವೆ ಮೊಂಡು, ಇನ್ನೊಂದರದು ಚೂಪು. ಮೊಟ್ಟೆ ಇಟ್ಟ ಮಾರನೇ ದಿನ ಏಳೆಂಟು ಮಾತ್ರ ಬಿಳಿಯಾಗಿದ್ದವು, ಉಳಿದವು ಜೇನಿನ ಬಣ್ಣದಲ್ಲಿ ಹಾಗೇ ತಿಳಿಯಾಗಿದ್ದವು. ಅದರ ಮಾರನೇ ಸಂಜೆ ಒಂದೊಂದು ಮೊಟ್ಟೆಯೊಳಗೂ ಕಪ್ಪು ಚುಕ್ಕೆ, ರಾತ್ರಿ ಹೊತ್ತಿಗೆ ಎಲೆಯ ತುಂಬ ಕೂದಲೆಳೆಯಂಥ ಬಾಲಗಳು ಅಲ್ಲಾಡುತ್ತಿದ್ದವು. ಆಗ ಮನೆಯವರನ್ನೆಲ್ಲ ಕರೆದೆ.